ಮಶೀನ್ ಅಲುಗಾಟದಿಂದ ಓಡುವ ಸೆನ್ಸರ್ ನಮ್ಮ ಪ್ರೆಸ್‌ಗೆ ಬೇಕಾ?

ಪ್ರಶ್ನೆ: ಸರ್, ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಸೆಕೆಂಡ್ ಹ್ಯಾಂಡ್ ನಾಲ್ಕು ಕಲರ್ ಆಫ್‌ಸೆಟ್ ಒಂದು, ಕಟಿಂಗ್ ಮಶೀನ್ ಒಂದು. ಬೇಸಿಗೆಯಲ್ಲಿ ಮಧ್ಯಾಹ್ನ ಆಯಿತೆಂದರೆ ಮೂರನೇ ಯೂನಿಟ್‌ನಲ್ಲಿ (ಒಂದೊಂದು ಬಣ್ಣಕ್ಕೆ ಒಂದೊಂದು ಯೂನಿಟ್) ಇಂಕ್ ತೆಳುವಾಗಿ ಖಾಲಿ ಜಾಗದಲ್ಲೂ ಬಣ್ಣ ಹತ್ತುತ್ತದೆ. ಮೊನ್ನೆ ಒಬ್ಬರು ಬಂದು 'ಬ್ಯಾಟರಿ ಬೇಡ, ವೈರ್ ಬೇಡ, ಮಶೀನ್ ಅಲುಗಾಟದಿಂದ ತಾನೇ ಕರೆಂಟ್ ಮಾಡಿಕೊಳ್ಳುವ ಸೆನ್ಸರ್ ಇದೆ' ಎಂದರು. ನಾಲ್ಕು ಯೂನಿಟ್‌ಗಳ ಬೇರಿಂಗ್, ಮೂರನೇ ಯೂನಿಟ್‌ನ ಇಂಕ್ ರೋಲರ್, ಬ್ಲಾಂಕೆಟ್ ಸಿಲಿಂಡರ್ (ಪ್ಲೇಟ್‌ನ ಅಚ್ಚನ್ನು ಕಾಗದಕ್ಕೆ ಒತ್ತುವ, ರಬ್ಬರ್ ಹೊದಿಸಿದ ಸಿಲಿಂಡರ್), ಡೆಲಿವರಿ ಗ್ರಿಪ್ಪರ್ (ಪ್ರಿಂಟ್ ಆದ ಶೀಟ್ ಹಿಡಿದು ಹೊರಗೆ ತರುವ ಹಿಡಿಕೆ), ಪೇಪರ್ ಗೋಡೌನ್, ಹೀಗೆ ಎಂಟು ಕಡೆ ಹಾಕಿದರೆ ಮೊಬೈಲ್‌ನಲ್ಲೇ ಎಲ್ಲಾ ಕಾಣುತ್ತದಂತೆ. ಕಟಿಂಗ್ ಮಶೀನ್‌ಗೂ ವೈರ್‌ಲೆಸ್ ಸ್ವಿಚ್ ಹಾಕಿ ಕೊಡುತ್ತಾರಂತೆ. ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾನೆ. ಅವನು 'ಕಾಕಾ, ದುಡ್ಡು ಕೊಡಬೇಡ, ಒತ್ತಿದರೆ ಕರೆಂಟ್ ಕೊಡುವ ಪೀಜೋ ಡಿಸ್ಕ್ ತಂದು ನಾನೇ ಮಾಡುತ್ತೇನೆ' ಅನ್ನುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಅರ್ಧರ್ಧ ನಂಬಿ.

ವಸ್ತು ಸುಳ್ಳಲ್ಲ. ಚಲನೆಯಿಂದಲೇ ಓಡುವ ವೈರ್‌ಲೆಸ್ ಉಪಕರಣಗಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಮಾರುಕಟ್ಟೆಯಲ್ಲಿವೆ. ಜರ್ಮನಿಯಲ್ಲಿ ಸೀಮೆನ್ಸ್‌ನಿಂದ ಹೊರಬಂದ ಎನ್‌ಓಷನ್ ಕಂಪನಿ ಶುರುವಾಗಿದ್ದು 2001ರಲ್ಲಿ. ಗೋಡೆಯ ಸ್ವಿಚ್ ಒತ್ತಿದ ಶಕ್ತಿಯಿಂದಲೇ ರೇಡಿಯೋ ಸಂದೇಶ ಕಳಿಸುವ ಅವರ ಪದ್ಧತಿಗೆ ಆಮೇಲೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಕೂಡ ಬಂತು. ಆದರೆ ನಿಮಗೆ ತೋರಿಸಿದ ಎಂಟು ಜಾಗಗಳಲ್ಲಿ ಆರಕ್ಕೆ ಇದು ಬೇಕಾಗಿಯೇ ಇಲ್ಲ. ಉಳಿದ ಎರಡು ಜಾಗಕ್ಕೆ ಬೇಕು ಅಂದರೂ ಅದು ಅಲುಗಾಟದಿಂದ ಓಡುವುದಿಲ್ಲ, ತಿರುಗುವುದರಿಂದ ಓಡುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಾದರೆ ಮಾರಲು ಬಂದವರ ಮುಂದೆ ನೀವು ಆರಾಮಾಗಿ ಕೂತು ಮಾತಾಡಬಹುದು.

ಮೊದಲು ಖರ್ಚು ಎಷ್ಟು ನೋಡೋಣ. ಇಲ್ಲಿ ಖರ್ಚು ಅಂದರೆ ಶಕ್ತಿಯ ಖರ್ಚು. ಬ್ಲೂಟೂತ್ ತರಹದ ಸಣ್ಣ ರೇಡಿಯೋ ಚಿಪ್ ಸಂದೇಶ ಕಳಿಸುವಾಗ 3 ವೋಲ್ಟ್‌ನಲ್ಲಿ ಸುಮಾರು 5 ಮಿಲಿಆಂಪ್ ಎಳೆಯುತ್ತದೆ, ಅದೂ ಕೆಲವೇ ಮಿಲಿಸೆಕೆಂಡ್. ನಿದ್ದೆಯಿಂದ ಎದ್ದು, ಉಷ್ಣತೆ ಅಳೆದು, ಸಂದೇಶ ಕಳಿಸಿ ಮತ್ತೆ ಮಲಗಲು ಒಟ್ಟು 200 ಮೈಕ್ರೋಜೌಲ್ (ಒಂದು ಜೌಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಜೌಲ್) ಸಾಕು ಎಂದಿಟ್ಟುಕೊಳ್ಳಿ. ಮಲಗಿರುವಾಗಲೂ 5-6 ಮೈಕ್ರೋವ್ಯಾಟ್ ಹೋಗುತ್ತಲೇ ಇರುತ್ತದೆ. ಬಹಳ ಚಿಕ್ಕ ಅಂಕಿ ಅನ್ನಿಸುತ್ತದೆ ಅಲ್ವಾ? ಆದರೆ ಅಲುಗಾಟದಿಂದ ಸಿಗುವ ಆದಾಯ ಇದಕ್ಕಿಂತಲೂ ಚಿಕ್ಕದು.

ನಿಮ್ಮ ಮಶೀನ್ ಗಂಟೆಗೆ 9,000 ಇಂಪ್ರೆಷನ್ ಓಡುತ್ತಿದೆ ಅಂದುಕೊಳ್ಳಿ. ಒಂದು ಸುತ್ತಿಗೆ ಒಂದು ಶೀಟ್ ಎಂದರೆ ಸಿಲಿಂಡರ್ ಸೆಕೆಂಡಿಗೆ ಎರಡೂವರೆ ಸುತ್ತು ತಿರುಗುತ್ತದೆ. ಆಗ ಸೈಡ್ ಫ್ರೇಮ್ ಮೇಲೆ ಕೈ ಇಡಿ. ಜುಮ್ ಅನ್ನುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಗೇರ್ ಹಲ್ಲುಗಳದ್ದು. ಗೇರ್‌ಗೆ 80 ಹಲ್ಲು ಇದ್ದರೆ ಎರಡೂವರೆ ಸುತ್ತಿಗೆ 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಸಲ ನಡುಕ. ಆ ಜಾಗದಲ್ಲಿ 0.2 ಜಿ (ಭೂಮಿಯ ಸೆಳೆತದ ಐದನೇ ಒಂದರಷ್ಟು) ಅಲುಗಾಟ ಇದೆ ಅಂತಲೇ ಹಿಡಿಯೋಣ, ಆಗಲೂ ಕಬ್ಬಿಣ ನಿಜವಾಗಿ ಸರಿಯುವುದು ಒಂದು ಮೈಕ್ರಾನ್ ಚಿಲ್ಲರೆ ಅಷ್ಟೇ. ಕೈಗೆ ಜೋರಾಗಿ ಗೊತ್ತಾಗುತ್ತದೆ, ಕರೆಂಟ್ ಮಾಡಲು ಸಾಲುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಫ್‌ಸೆಟ್ ಮಶೀನ್ ಕಟ್ಟುವವರು ಟನ್‌ಗಟ್ಟಲೆ ಎರಕದ ಕಬ್ಬಿಣ ಸುರಿಯುವುದೇ ಅಲುಗಾಟ ಸಾಯಲಿ ಅಂತ. ಮಶೀನ್ ಚೆನ್ನಾಗಿ ಅಲುಗಾಡಿದರೆ ಸೆನ್ಸರ್‌ಗೆ ಖುಷಿ, ಆದರೆ ನಿಮ್ಮ ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ಗತಿ ಏನು?

ಇದಕ್ಕಿಂತ ದೊಡ್ಡ ತೊಂದರೆ ಸ್ಪೀಡ್‌ದು. ಅಲುಗಾಟದಿಂದ ಕರೆಂಟ್ ಮಾಡುವ ಉಪಕರಣದ ಒಳಗೆ ಒಂದು ಸಣ್ಣ ಪಟ್ಟಿಯ ತುದಿಗೆ ತೂಕ ಕಟ್ಟಿರುತ್ತಾರೆ. ಆ ಪಟ್ಟಿಗೆ ತನ್ನದೇ ಒಂದು ಕಂಪನದ ಲೆಕ್ಕ ಇರುತ್ತದೆ. ಹೊರಗಿನ ಅಲುಗಾಟ ಅದಕ್ಕೆ ಸರಿಯಾಗಿ ಹೊಂದಿದಾಗ ಜೋರಾಗಿ ಕುಣಿಯುತ್ತದೆ, ಕೆಲವೇ ಹರ್ಟ್ಸ್ ಆಚೀಚೆ ಆದರೂ ಸುಮ್ಮನಾಗುತ್ತದೆ. 200 ಹರ್ಟ್ಸ್‌ಗೆ ಹೊಂದಿಸಿದ್ದನ್ನು ತಂದು ಹಾಕಿದಿರಿ. ಅವತ್ತು ತೆಳು ಕಾಗದ ಬಂತು, ಆಪರೇಟರ್ 7,200ಕ್ಕೆ ಇಳಿಸಿದ. ಈಗ ಅದೇ ಗೇರ್ 160 ಹರ್ಟ್ಸ್. ಸೆನ್ಸರ್ ಮಲಗಿತು. ಮೋಟರ್, ಪಂಪ್, ಟ್ರಾನ್ಸ್‌ಫಾರ್ಮರ್ ಹಾಗಲ್ಲ, ಮೇನ್ಸ್ ಕರೆಂಟ್‌ನ ಲೆಕ್ಕಕ್ಕೆ ಕಟ್ಟುಬಿದ್ದು ಹಗಲೂ ರಾತ್ರಿ ಹೆಚ್ಚುಕಡಿಮೆ ಅದೇ 50 ಅಥವಾ 100 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತವೆ, ಅಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ರೈಲಿನ ಚಕ್ರದ ಬೇರಿಂಗ್‌ನಲ್ಲೂ ನಡೆಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ ಹುಟ್ಟಿದ ಪರ್ಪೆಚುಯಮ್ ಎಂಬ ಕಂಪನಿ ಅದನ್ನೇ ಮಾಡಿತು, 2021ರಲ್ಲಿ ಹಿಟಾಚಿ ರೈಲ್ ಅದನ್ನು ಕೊಂಡಿತು. ಚಕ್ರ ಹಳಿಯ ಮೇಲೆ ಬಡಿದುಕೊಂಡು ಹೋಗುವಾಗ ಬರುವ ಹೊಡೆತ ಎಲ್ಲಿ, ನಿಮ್ಮ ಪ್ರಿಂಟಿಂಗ್ ಯೂನಿಟ್‌ನ ನಡುಕ ಎಲ್ಲಿ! ಮಾರುವವರು ತೋರಿಸುವ ವಿಡಿಯೋ ಬಹುಶಃ ಇಂಥ ಜಾಗಗಳದ್ದೇ ಇರುತ್ತದೆ.

ಈಗ ನಿಮ್ಮ ಅಣ್ಣನ ಮಗನ ಡಿಸ್ಕ್. ಬಜರ್‌ನಲ್ಲಿ ಬರುವ 27 ಮಿಲಿಮೀಟರ್ ಹಿತ್ತಾಳೆ ಬಿಲ್ಲೆ, ನಡುವೆ ಬಿಳಿ ಸಿರಾಮಿಕ್, ಅದೇ ತಾನೇ? ಒತ್ತಿದರೆ ವೋಲ್ಟೇಜ್ ಬರುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡುಹಿಡಿದರು. ಅವನು ಬೆರಳಿನಿಂದ ತಟ್ಟಿ, ಮೀಟರ್‌ನಲ್ಲಿ 20 ವೋಲ್ಟ್ ತೋರಿಸಿ ನಿಮ್ಮನ್ನು ಖುಷಿಪಡಿಸಬಹುದು. ವೋಲ್ಟ್ ನೋಡಿ ಮರುಳಾಗಬೇಡಿ. ಆ ಬಿಲ್ಲೆಯ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಅಳತೆ) ಸುಮಾರು 20 ನ್ಯಾನೋಫ್ಯಾರಡ್. 20 ವೋಲ್ಟ್ ಬಂದರೂ ಅದರಲ್ಲಿರುವ ಶಕ್ತಿ ಬರೀ 4 ಮೈಕ್ರೋಜೌಲ್. ನಮಗೆ ಒಂದು ಸಂದೇಶಕ್ಕೆ ಬೇಕಾಗಿದ್ದು 200. ನಡುವೆ ಸೋರಿಕೆ ಏನೂ ಇಲ್ಲ ಅಂದರೂ 50 ಹೊಡೆತ ಬೇಕು, ಸಿಲಿಂಡರ್‌ನ ಸುತ್ತಿಗೊಂದು ಹೊಡೆತ ಬಿದ್ದರೆ 20 ಸೆಕೆಂಡ್. ನಿಜದಲ್ಲಿ ಅರ್ಧಕ್ಕರ್ಧ ಸೋರಿ, ಮೇಲೆ ಚಿಪ್‌ನ ನಿದ್ದೆಯ ಖರ್ಚೂ ಕಳೆದರೆ ಏನೂ ಉಳಿಯುವುದಿಲ್ಲ, ಏಕೆಂದರೆ ಹೊಡೆತಕ್ಕೆ 2 ಮೈಕ್ರೋಜೌಲ್‌ನಂತೆ ಸೆಕೆಂಡಿಗೆ ಬರುವುದು 5, ನಿದ್ದೆಗೆ ಹೋಗುವುದೂ 5! ನಿದ್ದೆಯ ಖರ್ಚು ಇನ್ನೂ ಕಡಿಮೆ ಇರುವ ಚಿಪ್ ಹುಡುಕಿ, ಎರಡು ಮೂರು ಡಿಸ್ಕ್ ಸೇರಿಸಿದರೆ ನಿಮಿಷಕ್ಕೊಂದು ಸಂದೇಶ ಬರಿಸಬಹುದು. ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ. ಆದರೆ ಗಂಟೆಗೆ 9,000 ಸಲ ಹೊಡೆತ ತಿನ್ನುವ ಆ ಸಿರಾಮಿಕ್ ಬಿರುಕು ಬಿಡದೆ ಎಷ್ಟು ದಿನ ಇದ್ದೀತು?

ಹಾಗಂತ ಹುಡುಗನ ಉತ್ಸಾಹಕ್ಕೆ ನೀರು ಹಾಕಬೇಡಿ. ಡಿಸ್ಕ್ ಬದಿಗಿಟ್ಟು ಕಾಯಿಲ್ ಸುತ್ತು ಅನ್ನಿ.

ಮಶೀನ್‌ನಲ್ಲಿ ಅಲುಗಾಟ ಕಡಿಮೆ ಇರಬಹುದು, ತಿರುಗುವುದಕ್ಕೇನೂ ಬರ ಇಲ್ಲ. ಸೈಡ್ ಫ್ರೇಮ್ ಮೇಲೆ ಒಂದು ಗಟ್ಟಿ ನಿಯೋಡಿಮಿಯಂ ಮ್ಯಾಗ್ನೆಟ್, ಸಿಲಿಂಡರ್‌ನ ತುದಿ ಮುಖದ ಮೇಲೆ ಒಂದು ಕಾಯಿಲ್, ಎರಡರ ನಡುವೆ ಮೂರು ಮಿಲಿಮೀಟರ್ ಗ್ಯಾಪ್. ಒಂದೊಂದು ಸುತ್ತಿಗೂ ಕಾಯಿಲ್ ಮ್ಯಾಗ್ನೆಟ್ ಮುಂದೆ ಹಾದುಹೋಗುತ್ತದೆ, ಹಾದಾಗೊಮ್ಮೆ ಒಂದು ಪಲ್ಸ್. ನಮ್ಮ ಹಳೆಯ ಸೈಕಲ್ ಡೈನಮೋ ಇದ್ದಂತೆಯೇ, ಬೇರೆ ಮಂತ್ರ ಏನಿಲ್ಲ. ಅಂದಾಜು ಲೆಕ್ಕ ಹೀಗೆ: 20 ಮಿಲಿಮೀಟರ್ ಅಗಲದ ಮ್ಯಾಗ್ನೆಟ್, 0.1 ಮಿಲಿಮೀಟರ್ ತಂತಿಯ 1,000 ಸುತ್ತಿನ ಕಾಯಿಲ್, ಕಾಯಿಲ್ ಕೂತ ಜಾಗ ಸೆಕೆಂಡಿಗೆ ಎರಡು ಮೀಟರ್ ಸರಿಯುತ್ತಿದೆ. ಹಾದುಹೋಗಲು ಸುಮಾರು 10 ಮಿಲಿಸೆಕೆಂಡ್, ಹುಟ್ಟುವ ವೋಲ್ಟೇಜ್ 6ರ ಆಸುಪಾಸು. ಕಾಯಿಲ್‌ನ ರೆಸಿಸ್ಟೆನ್ಸ್ ನೂರು ಓಮ್ ಚಿಲ್ಲರೆ. ಪುಸ್ತಕದ ಲೆಕ್ಕಕ್ಕೆ ಒಂದು ಸುತ್ತಿಗೆ ಒಂದು ಮಿಲಿಜೌಲ್‌ಗಿಂತ ಜಾಸ್ತಿ ಬರುತ್ತದೆ. ಡಯೋಡ್‌ಗಳಲ್ಲಿ, ಹಿಂದಿನ ಕಬ್ಬಿಣದಲ್ಲಿ ಹೋಗಿದ್ದೆಲ್ಲ ಹೋಗಲಿ, ಅದರ ಕಾಲು ಭಾಗ ಕೈಗೆ ಬಂದರೂ ಒಂದು ಸುತ್ತಿಗೆ ಒಂದು ಸಂದೇಶ ಕಳಿಸಬಹುದು. ಡಿಸ್ಕ್ ನಿಮಿಷಕ್ಕೊಂದು ಕೊಟ್ಟರೆ ಇದು ಸೆಕೆಂಡಿಗೆ ಎರಡು! ಅಷ್ಟು ಬೇಡವೇ ಬೇಡ, ಹತ್ತು ಸೆಕೆಂಡಿಗೊಂದು ಸಾಕು. ಉಳಿದ ಶಕ್ತಿ ಸುರಕ್ಷತೆಯ ಅಂತರ ಅಂತ ಇರಲಿ. ಮಶೀನ್ ಮೋಟರ್‌ಗೆ ಇದು ಗೊತ್ತೂ ಆಗುವುದಿಲ್ಲ, ಕರೆಂಟ್ ಬಿಲ್ ಚಿಂತೆ ಬಿಡಿ.

ಹುಡುಗನಿಗೆ ಕೆಲವು ಸೂಚನೆ. ಕಾಯಿಲ್‌ನ್ನು ನೇರವಾಗಿ ಕಬ್ಬಿಣದ ಮೇಲೆ ಅಂಟಿಸಬೇಡ, ಕೆಳಗೆ ನೈಲಾನ್ ತುಂಡು ಇಡು, ಇಲ್ಲದಿದ್ದರೆ ಶಕ್ತಿಯ ಒಂದು ಪಾಲು ಸಿಲಿಂಡರ್ ಮೈಯಲ್ಲೇ ಸುಳಿದು ಬಿಸಿಯಾಗಿ ಹೋಗುತ್ತದೆ. ಶಕ್ತಿ ಕೂಡಿಡಲು ದೊಡ್ಡ ಸೂಪರ್ ಕೆಪಾಸಿಟರ್ ಹಾಕುವ ಆಸೆ ಬೇಡ. 0.1 ಫ್ಯಾರಡ್‌ನದು 3 ವೋಲ್ಟ್‌ಗೆ ತುಂಬಲು ಅರ್ಧ ಜೌಲ್ ಹತ್ತಿರ ಬೇಕು, ಈ ಕಾಯಿಲ್‌ನಿಂದಲೂ ಆರೇಳು ನಿಮಿಷ, ಡಿಸ್ಕ್‌ನಿಂದ ಇಡೀ ದಿನ. ಮೇಲಾಗಿ ಅದರದೇ ಸೋರಿಕೆ ಬೇರೆ. 100 ಮೈಕ್ರೋಫ್ಯಾರಡ್‌ನ ಮಾಮೂಲಿ ಕೆಪಾಸಿಟರ್ 5 ವೋಲ್ಟ್‌ನಿಂದ 2.5ಕ್ಕೆ ಇಳಿಯುವಷ್ಟರಲ್ಲಿ 900 ಮೈಕ್ರೋಜೌಲ್ ಕೊಡುತ್ತದೆ, ನಾಲ್ಕು ಸಂದೇಶಕ್ಕೆ ಸಾಕು, ಮಶೀನ್ ಶುರುವಾಗಿ ಕೆಲವೇ ಸುತ್ತಿಗೆ ತುಂಬಿಬಿಡುತ್ತದೆ. ಇನ್ನೊಂದು ವಿಷಯ ಇಂಚಿಂಗ್. ಪ್ಲೇಟ್ ಕಟ್ಟುವಾಗ, ಬ್ಲಾಂಕೆಟ್ ತೊಳೆಯುವಾಗ ಮಶೀನ್ ಹತ್ತನೇ ಒಂದು ಸ್ಪೀಡ್‌ನಲ್ಲಿ ತಿರುಗಿದರೆ ವೋಲ್ಟೇಜ್ ಕೂಡ ಹತ್ತನೇ ಒಂದು, 0.6. ಡಯೋಡ್ ದಾಟಲೇ ಆಗುವುದಿಲ್ಲ. ಆಗ ಸೆನ್ಸರ್ ಮಾತಾಡದಿದ್ದರೆ ಕೆಟ್ಟಿದೆ ಅಂತ ಬಿಚ್ಚಲು ಹೋಗಬೇಡಿ.

ಸರಿ, ಈಗ ಎಂಟು ಜಾಗಕ್ಕೆ ಬರೋಣ.

ಬೇರಿಂಗ್‌ಗಳು ಸೈಡ್ ಫ್ರೇಮ್‌ನಲ್ಲಿ ಕೂತಿವೆ, ಫ್ರೇಮ್ ಎಲ್ಲಿಗೂ ಓಡಿಹೋಗುವುದಿಲ್ಲ. ಅಲ್ಲಿಗೆ ಎರಡು ವೈರ್ ಎಳೆಯಲು ಏನು ಕಷ್ಟ? ವೈರ್ ಎಳೆದು ಮಾಮೂಲಿ ಉಷ್ಣತೆ ಸೆನ್ಸರ್ ಹಾಕಿ. ವೈರ್ ಬೇಡವೇ ಬೇಡ ಅಂದರೆ ಬಟನ್ ಸೆಲ್ ಹಾಕಿದ ವೈರ್‌ಲೆಸ್ ಸೆನ್ಸರ್ ಸಾಕು. ಸಿಆರ್ 2032 ಸೆಲ್‌ನಲ್ಲಿ ಸುಮಾರು 2,400 ಜೌಲ್ ಇರುತ್ತದೆ. ಹತ್ತು ಸೆಕೆಂಡಿಗೊಂದು ಸಂದೇಶ ಕಳಿಸಿದರೂ ಲೆಕ್ಕದಲ್ಲಿ ಮೂರು ವರ್ಷದ ಹತ್ತಿರ ಬರುತ್ತದೆ, ನಮ್ಮ ಬಿಸಿಲು, ಹಳೆಯ ಸೆಲ್ ಎಲ್ಲಾ ಹಿಡಿದು ಎರಡು ವರ್ಷ ಅನ್ನಿ. ದೀಪಾವಳಿ ಪೂಜೆಗೆ ಮಶೀನ್ ಒರೆಸುವಾಗ ವರ್ಷಕ್ಕೊಮ್ಮೆ ಸೆಲ್ ಬದಲಿಸಿದರೆ ಆಯಿತು. ಬ್ಯಾಟರಿ ಇಲ್ಲ ಅನ್ನುವುದಕ್ಕೇ ಜಾಸ್ತಿ ದುಡ್ಡು ಕೊಡುವ ಜಾಗ ಇದಲ್ಲ. ಬೇರಿಂಗ್ ಹಾಳಾಗುವುದನ್ನು ಕಂಪನ ನೋಡಿ ಮೊದಲೇ ಹೇಳುತ್ತೇವೆ ಅಂತ ಅವರು ಹೇಳಿದ್ದರೆ ಇದನ್ನು ಕೇಳಿ: ಕಂಪನದ ಪೂರ್ತಿ ಅಲೆ ಕಳಿಸುತ್ತದೋ, ಒಂದು ಅಂಕಿ ಮಾತ್ರ ಕಳಿಸುತ್ತದೋ? ಪೂರ್ತಿ ಅಲೆ ಅಂದರೆ ಸೆಕೆಂಡಿಗೆ ಸಾವಿರಾರು ಅಳತೆ, ನೂರಾರು ಸಂದೇಶ. ನಾವು ಮಾಡಿದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಒಂದು ಅಂಕಿ ಅಂದರೆ ನಿಮ್ಮ ಹಳೆಯ ಫಿಟರ್ ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಹೇಳುವುದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ.

ಗೋಡೌನ್‌ನಲ್ಲಿ ಯಾವುದೂ ತಿರುಗುವುದಿಲ್ಲ, ಅಲ್ಲಿ ಚಲನೆಯ ಸೆನ್ಸರ್ ಹೇಗೆ ಹಾಕುತ್ತಾರೋ ನನಗಂತೂ ತಿಳಿಯಲಿಲ್ಲ. ಕಾಗದಕ್ಕೆ ತೇವಾಂಶ ನೂರಕ್ಕೆ 50ರಿಂದ 55 ಇದ್ದರೆ ಚೆನ್ನ. ಗದಗದ ಬೇಸಿಗೆಯಲ್ಲಿ ಅದು ಎಲ್ಲಿಗೆ ಇಳಿಯುತ್ತದೆ ಅನ್ನುವುದು ಶೀಟ್‌ಗಳು ಒಂದಕ್ಕೊಂದು ಅಂಟಿ ಫೀಡರ್‌ನಲ್ಲಿ ಡಬಲ್ ಹೋದಾಗ ನಿಮಗೇ ಗೊತ್ತಾಗಿರುತ್ತದೆ. ಮಶೀನ್ ನಿಂತ ರಾತ್ರಿಯ ಹೊತ್ತಿನ ತೇವಾಂಶವೂ ಬೇಕು, ಹಾಗಾಗಿ ಸೆಲ್ ಹಾಕಿದ ಮೀಟರ್ ಒಂದು ಇಟ್ಟುಬಿಡಿ.

ಇಂಕ್ ರೋಲರ್‌ನದು ನಿಮ್ಮ ನಿಜವಾದ ನೋವು, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ರೋಲರ್ ತಿರುಗುತ್ತದೆ ಅಂತ ಸೆನ್ಸರ್‌ನ್ನೂ ಅದರ ಜೊತೆ ತಿರುಗಿಸಬೇಕಿಲ್ಲ. ದೂರದಿಂದ ಶಾಖ ನೋಡುವ ಇನ್‌ಫ್ರಾರೆಡ್ ಸೆನ್ಸರ್‌ನ್ನು ಫ್ರೇಮ್‌ಗೆ ಕಟ್ಟಿ, ರೋಲರ್ ಕಡೆ ಮುಖ ಮಾಡಿ, ವೈರ್ ಎಳೆಯಿರಿ. ಇಂಕ್ ಹತ್ತಿದ ರಬ್ಬರ್ ಮೈಯನ್ನು ಅದು ಚೆನ್ನಾಗಿ ಓದುತ್ತದೆ, ಹೊಳೆಯುವ ಬರೀ ಸ್ಟೀಲ್ ಮೈಯಾದರೆ ತಪ್ಪು ಹೇಳುತ್ತದೆ, ಅಷ್ಟು ನೋಡಿಕೊಳ್ಳಿ. ಒಂದೇ ಯೂನಿಟ್‌ಗೆ ಹಾಕಬೇಡಿ, ನಾಲ್ಕಕ್ಕೂ ಹಾಕಿ. ಏಕೆಂದರೆ ಮೂರನೇ ಯೂನಿಟ್ 38 ಡಿಗ್ರಿ ಇದೆ ಅನ್ನುವ ಅಂಕಿಯೊಂದೇ ಏನೂ ಹೇಳುವುದಿಲ್ಲ. ಪಕ್ಕದ ಯೂನಿಟ್ 33 ಇದ್ದು ಇದು 38 ಇದ್ದರೆ ತಪ್ಪು ಬಿಸಿಲಿನದಲ್ಲ, ರೋಲರ್ ಸೆಟಿಂಗ್ ಬಿಗಿಯಾಗಿ ಉಜ್ಜಿ ಬಿಸಿಯಾಗುತ್ತಿದೆ ಅಂತ ಅನುಮಾನ ಪಡಬೇಕು. ನಾಲ್ಕೂ 38 ಇದ್ದರೆ ರೂಮಿನ ಶಾಖ ನೋಡಿ, ಡ್ಯಾಂಪಿಂಗ್ ನೀರು (ಪ್ಲೇಟ್‌ನ ಖಾಲಿ ಜಾಗಕ್ಕೆ ಇಂಕ್ ಹತ್ತದಂತೆ ಹಚ್ಚುವ ನೀರು) ತಂಪಾಗಿದೆಯಾ ನೋಡಿ. ಆ ನೀರು 10ರಿಂದ 15 ಡಿಗ್ರಿ ಒಳಗೆ ಇರಬೇಕು, ಪಿಎಚ್ 4.5ರಿಂದ 5.5. ಇಂಕ್ ಬಿಸಿಯಾದಷ್ಟೂ ಅದರ ಅಂಟು ಕಡಿಮೆಯಾಗುತ್ತದೆ, ನೀರಿನ ಜೊತೆಗಿನ ಹೊಂದಾಣಿಕೆ ಕೆಡುತ್ತದೆ, ಖಾಲಿ ಜಾಗದಲ್ಲಿ ಬಣ್ಣ ಹತ್ತುವುದು ಅದಕ್ಕೇ. ಇಷ್ಟಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ಮೊದಲ ಕೆಲಸವಾಗಿ ಇದನ್ನು ಮಾಡಿ, ಉಳಿದದ್ದು ಆಮೇಲೆ.

ಹೀಗೆ ಉಳಿದದ್ದು ಎರಡು, ಬ್ಲಾಂಕೆಟ್ ಸಿಲಿಂಡರ್ ಮತ್ತು ಡೆಲಿವರಿ ಗ್ರಿಪ್ಪರ್. ಇಲ್ಲಿ ಬ್ಯಾಟರಿ ಇಲ್ಲದ ಸೆನ್ಸರ್‌ಗೆ ಅರ್ಥ ಇದೆ. ಬ್ಲಾಂಕೆಟ್ ಕೆಳಗೆ ಒತ್ತಡ ಎಷ್ಟು ಬೀಳುತ್ತಿದೆ, ಗ್ರಿಪ್ಪರ್ ಶೀಟ್ ಹಿಡಿಯುವ ಬಿಗಿ ಕಡಿಮೆಯಾಗಿದೆಯಾ ಎಂಬುದು ಹೊರಗಿನಿಂದ ಕಾಣುವುದಿಲ್ಲ, ತಿರುಗುವ ಭಾಗಕ್ಕೆ ಸುಮ್ನೆ ವೈರ್ ಎಳೆಯಲೂ ಆಗುವುದಿಲ್ಲ. ಸ್ಲಿಪ್ ರಿಂಗ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ದಾಟಿಸುವ ಬಳೆ) ಹಾಕಿದರೆ ಕಾಗದದ ಧೂಳು, ಇಂಕ್ ಮಂಜು ಕೂತು ಕೈಕೊಡುತ್ತದೆ. ಡೆಲಿವರಿ ಚೈನ್ ಅಂತೂ ಉದ್ದಕ್ಕೆ ಓಡುವುದು, ಅದಕ್ಕೆ ಸ್ಲಿಪ್ ರಿಂಗ್ ಕೂಡ ಇಲ್ಲ. ಚೈನ್‌ನಲ್ಲಿ ಎಂಟು ಗ್ರಿಪ್ಪರ್ ಬಾರ್ ಇದ್ದರೆ ಒಂದೊಂದು ಬಾರ್ ಮೂರು ಸೆಕೆಂಡಿಗೊಮ್ಮೆ ಮ್ಯಾಗ್ನೆಟ್ ಮುಂದೆ ಹಾದುಹೋಗುತ್ತದೆ, ಹಾದಾಗೊಂದು ಸಂದೇಶ, ಸಾಕಷ್ಟಾಯಿತು.

ಆದರೆ ಇದು ನಿಮ್ಮ ಪ್ರೆಸ್‌ಗೆ ಇವತ್ತೇ ಬೇಕಾ? ನನ್ನ ಅಭಿಪ್ರಾಯ ಕೇಳಿದರೆ ಬೇಡ. ಬ್ಲಾಂಕೆಟ್ ಒತ್ತಡವನ್ನು ನೀವು ಪ್ಯಾಕಿಂಗ್ ಶೀಟ್ ದಪ್ಪ ಅಳೆದು ಸರಿ ಮಾಡುತ್ತೀರಿ, ಗ್ರಿಪ್ಪರ್ ಬಿಗಿಯನ್ನು ಕಾಗದದ ಪಟ್ಟಿ ಎಳೆದು ನೋಡುತ್ತೀರಿ. ದಿನಕ್ಕೆ ಮೂರು ಶಿಫ್ಟ್ ಓಡಿಸಿ ಪಠ್ಯಪುಸ್ತಕದ ದೊಡ್ಡ ಆರ್ಡರ್ ಹೊಡೆಯುವವರಿಗೆ, ಒಂದು ಗಂಟೆ ನಿಂತರೂ ದೊಡ್ಡ ನಷ್ಟ ಆಗುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ಮದುವೆ ಕಾರ್ಡ್, ಬಿಲ್ ಬುಕ್, ಕ್ಯಾಲೆಂಡರ್ ಓಡಿಸುವವರಿಗೆ ಅಲ್ಲ.

ಅದೂ ಅಲ್ಲದೆ ಒಂದು ಅಪಾಯ ಇದೆ, ಇದನ್ನು ಮಾರುವವರು ಹೇಳುವುದಿಲ್ಲ. ಸಿಲಿಂಡರ್ ಮೇಲೆ ಕೂತ 30 ಗ್ರಾಂ ತೂಕದ ವಸ್ತು 9,000 ಸ್ಪೀಡ್‌ನಲ್ಲಿ ಹೊರಕ್ಕೆ ಎಳೆಯುವ ಜೋರು 100 ಗ್ರಾಂನಷ್ಟು. ಅದು ಬಿಟ್ಟೂ ಬಿಡದೆ, ದಿನವಿಡೀ. ಮೇಲೆ ದಿನಕ್ಕೆ ನಾಲ್ಕು ಸಲ ನಿಮ್ಮ ಹುಡುಗರು ಬ್ಲಾಂಕೆಟ್ ತೊಳೆಯಲು ಸಾಲ್ವೆಂಟ್ ಬಟ್ಟೆ ಉಜ್ಜುತ್ತಾರೆ. ಸಾಲ್ವೆಂಟ್‌ಗೆ ಅಂಟು ಮೆತ್ತಗಾಗುತ್ತದೆ, ಒಂದು ದಿನ ಆ ತುಂಡು ಕಿತ್ತು ಎರಡು ಸಿಲಿಂಡರ್ ನಡುವೆ ಬೀಳುತ್ತದೆ. ಬ್ಲಾಂಕೆಟ್ ಹೋಯಿತು, ಪ್ಲೇಟ್ ಹೋಯಿತು, ಇವೆರಡೂ ಹೊಸದು ಸಿಗುತ್ತವೆ. ಸಿಲಿಂಡರ್ ಮೈ ತಗ್ಗಾದರೆ ಮಾತ್ರ ಆ ಗುರುತು ಮುಂದೆ ಪ್ರತಿ ಶೀಟ್‌ನಲ್ಲೂ ಕಾಣುತ್ತದೆ. ಆದ್ದರಿಂದ ಅಂಟಿಸುವ ಮಾತೇ ಬೇಡ. ತುದಿ ಮುಖದಲ್ಲಿ ಮೊದಲೇ ಇರುವ ಸ್ಕ್ರೂ ತೂತಿಗೆ ಲಾಕಿಂಗ್ ಸ್ಕ್ರೂ ಹಾಕಿ ಕೂರಿಸಬೇಕು, ಇಡೀ ಸರ್ಕ್ಯೂಟ್ ಎಪಾಕ್ಸಿಯಲ್ಲಿ ಮುಳುಗಿರಬೇಕು, ಪ್ರಿಂಟ್ ಆಗುವ ಮೈ ಮೇಲೆ ಏನೂ ಇರಬಾರದು. ಫ್ರೇಮ್ ಕಡೆಯ ಮ್ಯಾಗ್ನೆಟ್‌ಗೂ ಹಿತ್ತಾಳೆಯ ಬಟ್ಟಲು ಮಾಡಿಸಿ ಸ್ಕ್ರೂ ಬಿಗಿಸಿ, ಅದು ಕಿತ್ತರೂ ಹೋಗಿ ಅಂಟಿಕೊಳ್ಳುವುದು ಸಿಲಿಂಡರ್‌ಗೇ.

ಕಟಿಂಗ್ ಮಶೀನ್ ವಿಷಯದಲ್ಲಿ ಮಾತ್ರ ಖಡಾಖಂಡಿತ ಬೇಡ ಅನ್ನಿ. ಎರಡೂ ಕೈಯಿಂದ ಒತ್ತುವ ಬಟನ್, ಬ್ಲೇಡ್ ಮುಂದಿನ ಲೈಟ್ ಪರದೆ, ಗಾರ್ಡ್ ಸ್ವಿಚ್, ಇವಕ್ಕೆ ಬ್ಯಾಟರಿ ಇಲ್ಲದ ವೈರ್‌ಲೆಸ್ ಸ್ವಿಚ್ ಹಾಕಬಾರದು. ಒತ್ತಿದ ಶಕ್ತಿಯಿಂದ ಹೊರಟ ಸಂದೇಶ ತಲುಪಿತೋ ಇಲ್ಲವೋ ಅಂತ ಆ ಸ್ವಿಚ್‌ಗೆ ಗೊತ್ತೇ ಆಗುವುದಿಲ್ಲ. ಬೆರಳಿನ ಪ್ರಶ್ನೆ ಇದು. ಇನ್ನು ಅದೇ ಸ್ವಿಚ್‌ನ್ನು ಶೀಟ್ ಎಣಿಸಲು ಆಫ್‌ಸೆಟ್‌ಗೆ ಹಾಕುತ್ತೇವೆ ಅಂದರೆ ಬಾಳಿಕೆ ಎಷ್ಟು ಕೇಳಿ. 3 ಲಕ್ಷ ಒತ್ತು ಬಾಳುವ ಸ್ವಿಚ್ ಮನೆ ಗೋಡೆಯಲ್ಲಿ ಹತ್ತಾರು ವರ್ಷ ಬರುತ್ತದೆ. ಗಂಟೆಗೆ 9,000 ಸಲ ಒತ್ತುವ ಮಶೀನ್‌ನಲ್ಲಿ 33 ಗಂಟೆಗೆ ಮುಗಿಯಿತು. ಸೋಮವಾರ ಹಾಕಿದ್ದು ಗುರುವಾರ ಇರುವುದಿಲ್ಲ. ಇಂಕ್ ತುಂಬಲು ಮುಚ್ಚಳ ಎಷ್ಟು ಸಲ ತೆರೆದರು, ಹೆಲ್ಪರ್‌ನ್ನು ಕರೆಯುವ ಬೆಲ್, ಇಂಥದ್ದಕ್ಕೆ ಮಾತ್ರ ಅದು ಲಾಯಕ್ಕು.

ಕಾಗದ ಉಜ್ಜಿದಾಗ ಹುಟ್ಟುವ ಸ್ಟ್ಯಾಟಿಕ್‌ನಿಂದಲೇ ಕರೆಂಟ್ ತೆಗೆಯಬಹುದು ಅಂತಲೂ ಯಾರಾದರೂ ಹೇಳಿಯಾರು. 2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಝೋಂಗ್ ಲಿನ್ ವಾಂಗ್ ಅವರ ತಂಡ ಅಂಥ ಜನರೇಟರ್ ತೋರಿಸಿದ ಮೇಲೆ ಅದರ ಮೇಲೆ ಬಹಳ ಸಂಶೋಧನೆ ನಡೆದಿದೆ. ಲ್ಯಾಬ್‌ನಲ್ಲಿ ಚಂದ. ನಿಮ್ಮ ಡೆಲಿವರಿಯಲ್ಲಿ ಹಸಿ ಶೀಟ್‌ಗಳು ಅಂಟದಿರಲಿ ಅಂತ ಹಾಕುವ ಸ್ಪ್ರೇ ಪೌಡರ್ ಹಾರುತ್ತದಲ್ಲ, ಅದು ಆ ಮೈ ಮೇಲೆ ಒಂದು ಪದರ ಕೂತರೆ ಕಥೆ ಮುಗಿಯಿತು.

ಈಗ ಮೊಬೈಲ್‌ನಲ್ಲಿ ಕಾಣುವ ವಿಷಯ. ಚಲನೆಯಿಂದ ಓಡುವ ಸೆನ್ಸರ್ ಮಶೀನ್ ನಿಂತ ಕೂಡಲೇ ಮೌನವಾಗುತ್ತದೆ. ಕರೆಂಟ್ ಹೋಗಿ ಮಶೀನ್ ನಿಂತಿದೆಯೋ, ಊಟಕ್ಕೆ ನಿಲ್ಲಿಸಿದ್ದಾರೋ, ಸೆನ್ಸರ್ ಸತ್ತಿದೆಯೋ, ಮೂರೂ ಮೊಬೈಲ್‌ನಲ್ಲಿ ಒಂದೇ ತರಹ ಕಾಣುತ್ತವೆ. ಹಾಗಾಗಿ ಮಶೀನ್ ಓಡುತ್ತಿದೆ ಅನ್ನುವ ಸುದ್ದಿ ಬೇರೆ ದಾರಿಯಿಂದ ರಿಸೀವರ್‌ಗೆ ಬರಬೇಕು. ಮಶೀನ್‌ನ ಕೌಂಟರ್‌ಗೆ ಸುತ್ತು ಎಣಿಸಿ ಕೊಡುವ ಪ್ರಾಕ್ಸಿಮಿಟಿ ಸೆನ್ಸರ್‌ನಿಂದಲೇ ಒಂದು ವೈರ್ ತೆಗೆದರೆ ಸಾಕು. ಕೌಂಟರ್ ಓಡುತ್ತಿದ್ದು ಸೆನ್ಸರ್ ಸುಮ್ಮನಿದ್ದರೆ ಅಲಾರಂ, ಎರಡೂ ಸುಮ್ಮನಿದ್ದರೆ ಏನೂ ಇಲ್ಲ. ಇದಿಲ್ಲದೆ ಮಾಡಿದ ವ್ಯವಸ್ಥೆಯಲ್ಲಿ ಮೊದಲ ವಾರ ಹತ್ತು ಸುಳ್ಳು ಅಲಾರಂ ಬರುತ್ತವೆ, ಎರಡನೇ ವಾರ ಆಪರೇಟರ್ ಮೊಬೈಲ್ ನೋಡುವುದನ್ನೇ ಬಿಡುತ್ತಾನೆ.

ರಿಸೀವರ್ ಎಲ್ಲಿಡುತ್ತಾರೆ ಅಂತಲೂ ನೋಡಿ. ಎರಡು ಕಡೆ ದಪ್ಪ ಕಬ್ಬಿಣದ ಫ್ರೇಮ್, ಮೇಲೆ ತಗಡಿನ ಗಾರ್ಡ್. ಒಳಗಿನ ಸಣ್ಣ ರೇಡಿಯೋದ ದನಿ ಆಫೀಸ್ ರೂಮಿನ ತನಕ ಬರುತ್ತದೆ ಅನ್ನುವ ಭರವಸೆ ಬೇಡ. ಗಾರ್ಡ್ ಒಳಗೇ ಒಂದು ಸಣ್ಣ ರಿಸೀವರ್ ಇಟ್ಟು, ಅದಕ್ಕೆ ವೈರ್‌ನಲ್ಲಿ ಕರೆಂಟ್ ಕೊಡಬೇಕು. ವೈರ್ ಬೇಡ ಅಂತ ಶುರುವಾದ ಮಾತು ಇಲ್ಲಿ ವೈರ್‌ಗೇ ಬಂದು ನಿಲ್ಲುತ್ತದೆ, ಏನು ಮಾಡುವುದು.

ಬಾಕ್ಸ್ ಮೇಲೆ ಫ್ರೀಕ್ವೆನ್ಸಿ ಬರೆದಿರುತ್ತದೆ, ಅದನ್ನೂ ಓದಿ. ನಮ್ಮಲ್ಲಿ ಇಂಥ ಸೆನ್ಸರ್‌ಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು ಮುಖ್ಯವಾಗಿ 865ರಿಂದ 868 ಮೆಗಾಹರ್ಟ್ಸ್ ತನಕ, ಜೊತೆಗೆ 2.4 ಗಿಗಾಹರ್ಟ್ಸ್. ಯುರೋಪಿನಿಂದ ಬರುವ ಮಾಲು ಹೆಚ್ಚಾಗಿ 868.3 ಮೆಗಾಹರ್ಟ್ಸ್‌ದು. ಕೂದಲೆಳೆಯಷ್ಟು ಹೊರಗೆ, ಆದರೂ ಹೊರಗೇ. 2.4 ಗಿಗಾಹರ್ಟ್ಸ್‌ದು ತರಿಸಿ ಅನ್ನಿ, ಮೊಬೈಲ್‌ಗೂ ಅದೇ ಸುಲಭ.

ಇಷ್ಟೆಲ್ಲಾ ಕೇಳಿದ ಮೇಲೂ ಅವರು 'ಒಂದು ಟ್ರಯಲ್ ಕೊಡುತ್ತೇವೆ' ಅಂದರೆ ಬೇಡ ಅನ್ನಬೇಡಿ. ಫ್ರೇಮ್ ಮೇಲೆ ಒಂದೇ ಸೆನ್ಸರ್ ಕಟ್ಟಲಿ, ಸಿಲಿಂಡರ್ ಮುಟ್ಟದಿರಲಿ. ಆಪರೇಟರ್‌ಗೆ ಹೇಳಿ ಮಶೀನ್ ಸ್ಪೀಡ್ ಸಾವಿರ ಸಾವಿರದಂತೆ 4,000ದಿಂದ 9,000ದ ತನಕ ಏರಿಸಿ, ಒಂದೊಂದು ಸ್ಪೀಡ್‌ನಲ್ಲೂ ಐದು ನಿಮಿಷ ಓಡಿಸಿ, ಎಷ್ಟು ಸಂದೇಶ ಬಂತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲೋ ಒಂದು ಸ್ಪೀಡ್‌ನಲ್ಲಿ ಮಾತ್ರ ಸಂದೇಶ ಬಂದು ಉಳಿದ ಕಡೆ ಸೊನ್ನೆ ಇದ್ದರೆ ಹಾಳೆಯನ್ನು ಅವರ ಕೈಗೇ ಕೊಡಿ. ಎಲ್ಲಾ ಸ್ಪೀಡ್‌ನಲ್ಲೂ ಬಂದರೆ ಬಾಕ್ಸ್ ಬಿಚ್ಚಿ ತೋರಿಸಲು ಹೇಳಿ, ಒಳಗೆ ಎಲ್ಲಾದರೂ ಬಟನ್ ಸೆಲ್ ಕೂತಿದೆಯಾ ನೋಡಿ. ಇದನ್ನು ಮಳೆಗಾಲದಲ್ಲೇ ಮುಗಿಸಿ, ಕ್ಯಾಲೆಂಡರ್ ಸೀಜನ್ ಶುರುವಾದ ಮೇಲೆ ಟ್ರಯಲ್‌ಗೆ ಅಂತ ಮಶೀನ್ ಬಿಡಲು ನಿಮಗೇ ಮನಸ್ಸು ಬರುವುದಿಲ್ಲ.